ರಿಪೋರ್ಟ್ ಚೆನ್ನಾಗಿದೆ, ಮೈಯಲ್ಲಿ ಮಾತ್ರ ತ್ರಾಣ ಇಲ್ಲ

ಪ್ರಶ್ನೆ: ನಾನು ಜಮಖಂಡಿ ತಾಲೂಕಿನ ಒಂದು ಹಳ್ಳಿಯವಳು. ವಯಸ್ಸು 47. ಎಡಗಡೆ ಸ್ತನ ಕ್ಯಾನ್ಸರ್ ಆಗಿ ಕಳೆದ ವರ್ಷ ಆಪರೇಷನ್ ಆಯಿತು, ಕಂಕುಳ ಗಂಟುಗಳನ್ನೂ ತೆಗೆದರು. ಆಮೇಲೆ ಎಂಟು ಕಿಮೋ, 15 ದಿನ ರೇಡಿಯೇಷನ್. ಎಲ್ಲ ಮುಗಿದು ಐದು ತಿಂಗಳಾಯಿತು. ಈಗ ರೋಗ ಮರಳದಂತೆ ಕೊಡುವ ಟಾಮೋಕ್ಸಿಫೆನ್ ಗುಳಿಗೆ ನಡೆದಿದೆ. ರಿಪೋರ್ಟ್ ಚೆನ್ನಾಗಿವೆ ಎಂದಿದ್ದಾರೆ, ಹಿಮೋಗ್ಲೋಬಿನ್ 9.2 ಇದೆ. ಆದರೆ ಬೆಳಿಗ್ಗೆ ಏಳುವಾಗಲೇ ದಣಿದಿರುತ್ತೇನೆ. ಹತ್ತು ರೊಟ್ಟಿ ಬಡಿದರೆ ಕೂತುಬಿಡಬೇಕು. ದಸರೆಗೆ ಕೌದಿ ತೊಳೆದು ನಾಲ್ಕು ದಿನ ಏಳಲಿಲ್ಲ. 'ಔಷಧ ಮುಗದಾವ, ಇನ್ನೂ ಯಾಕ ಮಲಗತೀ' ಎಂದು ಅತ್ತೆ ಕೇಳುತ್ತಾರೆ. ರೋಗ ಮತ್ತೆ ಬಂತೇನೋ ಎಂದು ಒಳಗೊಳಗೇ ಹೆದರಿಕೆ. ಊರಲ್ಲಿ ಎರಡು ಸಲ ಸಲೈನ್ ಹಚ್ಚಿಸಿಕೊಂಡೆ. ಎರಡು ದಿನ ಹಗುರ ಅನಿಸಿತು, ಮತ್ತೆ ಅದೇ. ಪಕ್ಕದ ಮನೆಯ ತಂಗಿಗೆ ಈಗ ಇದೇ ಕಾಯಿಲೆಗೆ ಕಿಮೋ ಶುರುವಾಗಿದೆ. ಅವಳಿಗೆ ನಾನು ಏನು ಹೇಳಲಿ?

ಉತ್ತರ: ಅಕ್ಕಾ, ನೀವು ಮೈಗಳ್ಳತನ ಮಾಡುತ್ತಿಲ್ಲ. ಇದನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಬೆಳಗಾವಿಯ ನಮ್ಮ ಓಪಿಡಿಗೆ ಬರುವ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ದಣಿವಿನ ಮಾತನ್ನು ಕೊನೆಗೆ, ಬಾಗಿಲ ಹತ್ತಿರ ಹೋಗಿ ನಿಂತು, ತಪ್ಪು ಒಪ್ಪಿಕೊಂಡ ಹಾಗೆ ಹೇಳುತ್ತಾರೆ. 'ಮೈಯಾಗ ತ್ರಾಣಾನ ಇಲ್ರಿ' ಎನ್ನುತ್ತಾರೆ. ವಾಂತಿ ಆದರೆ ಹೇಳುತ್ತಾರೆ, ಕೂದಲು ಉದುರಿದರೆ ಅಳುತ್ತಾರೆ. ದಣಿವನ್ನು ಮಾತ್ರ ಮುಚ್ಚಿಡುತ್ತಾರೆ. ಆದರೆ ಈ ಚಿಕಿತ್ಸೆಯಲ್ಲಿ ಅತಿ ಹೆಚ್ಚು ಜನರನ್ನು ಕಾಡುವ ತೊಂದರೆಗಳಲ್ಲಿ ಅದೇ ಮುಂದು.

ಹೊಲದಲ್ಲಿ ಕಬ್ಬು ಕಡಿದು ಬಂದವರ ದಣಿವು ಬೇರೆ. ಅದು ಊಟ ಮಾಡಿ ಮಲಗಿದರೆ ಬೆಳಿಗ್ಗೆ ಹೋಗಿರುತ್ತದೆ. ಇದು ಹಾಗಲ್ಲ. ಮಾಡಿದ ಕೆಲಸಕ್ಕೂ ಆಗುವ ಸುಸ್ತಿಗೂ ಲೆಕ್ಕವೇ ಕೂಡುವುದಿಲ್ಲ. ನಿದ್ದೆ ಮಾಡಿ ಎದ್ದರೂ ದಣಿವು ಹಾಗೇ ಇರುತ್ತದೆ. ಕೈಕಾಲಿನ ಜೊತೆ ತಲೆಯೂ ದಣಿಯುತ್ತದೆ. ಹಾಲು ಒಲೆಯ ಮೇಲಿಟ್ಟದ್ದು ಮರೆಯುತ್ತದೆ, ಮಾತಾಡುವಾಗ ಶಬ್ದ ನೆನಪಾಗುವುದಿಲ್ಲ. ಇದಕ್ಕೆ ಒಂದೇ ಕಾರಣ ಇಲ್ಲ. ಕಿಮೋ ಕ್ಯಾನ್ಸರ್ ಕಣಗಳ ಜೊತೆ ರಕ್ತ ತಯಾರಾಗುವ ಜಾಗಕ್ಕೂ ಪೆಟ್ಟು ಕೊಟ್ಟಿರುತ್ತದೆ. ದೇಹದೊಳಗೆ ಉರಿಯೂತ ಒಂದಷ್ಟು ಕಾಲ ನಡೆದೇ ಇರುತ್ತದೆ. ತಿಂಗಳುಗಟ್ಟಲೆ ಓಡಾಟ ಕಡಿಮೆಯಾಗಿ ಸ್ನಾಯು ಕರಗಿರುತ್ತದೆ. ನಿಮ್ಮ ವಯಸ್ಸಿನಲ್ಲಿ ಕಿಮೋದಿಂದ ಮುಟ್ಟು ಒಮ್ಮೆಲೇ ನಿಲ್ಲುವುದೂ ಉಂಟು. ಅದರ ಜೊತೆಗೆ ಟಾಮೋಕ್ಸಿಫೆನ್ ಸೇರಿದರೆ ರಾತ್ರಿ ಮೈಯೆಲ್ಲ ಕುದ್ದು, ಬೆವರಿ ಎಚ್ಚರವಾಗುತ್ತದೆ. ಹಾಗೆ ಮೂರು ಸಲ ಎದ್ದವರಿಗೆ ಬೆಳಿಗ್ಗೆ ಹುರುಪು ಎಲ್ಲಿಂದ ಬರಬೇಕು?

ಚಿಕಿತ್ಸೆ ಮುಗಿದ ದಿನವೇ ದಣಿವೂ ಮುಗಿಯಬೇಕು ಎಂದು ಮನೆಯವರು ಅಂದುಕೊಳ್ಳುತ್ತಾರೆ. ನಿಜವಾಗಿ ಹೆಚ್ಚಿನವರಿಗೆ ಅದು ತಿಂಗಳುಗಳಲ್ಲಿ, ನಿಧಾನವಾಗಿ ಇಳಿಯುತ್ತದೆ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಚಿಕಿತ್ಸೆಯ ನಂತರವೂ ಬಹಳ ಕಾಲ ಜೋರಾಗಿಯೇ ಉಳಿಯುತ್ತದೆ. ಐದು ತಿಂಗಳು ಅಂದರೆ ನೀವಿನ್ನೂ ದಾರಿಯ ನಡುವೆ ಇದ್ದೀರಿ.

ಈಗ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತ ಜಾಗಕ್ಕೆ ಬರುತ್ತೇನೆ. ಹಿಮೋಗ್ಲೋಬಿನ್ 9.2. 'ರಿಪೋರ್ಟ್ ಚೆನ್ನಾಗಿವೆ' ಎಂದರೆ ಕ್ಯಾನ್ಸರ್ ಕಾಣುತ್ತಿಲ್ಲ ಎಂದು ಅರ್ಥ. ರಕ್ತ ಸಾಕಷ್ಟಿದೆ ಎಂದಲ್ಲ. ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಕಿಮೋ ಮುಗಿದು ಐದು ತಿಂಗಳಾದ ಮೇಲೂ 9.2 ಇದ್ದರೆ ಕಿಮೋದ ಮೇಲೆ ತಪ್ಪು ಹಾಕಿ ಸುಮ್ನೆ ಕೂರಬಾರದು, ಕಾರಣ ಹುಡುಕಲೇಬೇಕು. ಕಬ್ಬಿಣದ ಅಂಶ ಎಷ್ಟಿದೆ ಎಂದು ತಿಳಿಯಲು ಫೆರಿಟಿನ್ ಪರೀಕ್ಷೆ ಇದೆ. ಮಾಂಸ, ಮೊಟ್ಟೆ ತಿನ್ನದ ಮನೆಯಾದರೆ ಬಿ12 ಕೂಡ ನೋಡಿಸಿ. ನಮ್ಮ ಕಡೆ ಸಸ್ಯಾಹಾರಿ ಮನೆಗಳಲ್ಲಿ ಅದು ಕಡಿಮೆ ಇರುವವರು ಬಹಳ. ಅಂಗಾಲು ಜುಮ್ಮೆನ್ನುವುದು ಕಿಮೋದಿಂದ ಎಂದುಕೊಂಡಿರುತ್ತೇವೆ, ಅದರಲ್ಲಿ ಬಿ12 ಕೊರತೆಯ ಪಾಲೂ ಇರಬಹುದು. ಟಾಮೋಕ್ಸಿಫೆನ್ ತಗೊಳ್ಳುವಾಗ ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಅಥವಾ ಮುಟ್ಟು ಜೋರಾಗಿ ಹೋಗುತ್ತಿದ್ದರೆ, ಸಂಕೋಚ ಬಿಟ್ಟು ಡಾಕ್ಟರಿಗೆ ಹೇಳಿ.

ಎರಡನೆಯದು ಥೈರಾಯ್ಡ್. ಕಂಕುಳ ಗಂಟುಗಳಲ್ಲಿ ರೋಗ ಇದ್ದವರಿಗೆ ಕತ್ತಿನ ಬುಡಕ್ಕೂ ರೇಡಿಯೇಷನ್ ಕೊಡುವುದುಂಟು. ಅಂಥವರಲ್ಲಿ ಕೆಲವರಿಗೆ ಮುಂದೆ ಥೈರಾಯ್ಡ್ ಮಂದವಾಗುತ್ತದೆ. ಟಿಎಸ್‌ಎಚ್ ಎಂಬ ಒಂದು ರಕ್ತ ಪರೀಕ್ಷೆ ಸಾಕು. ಜೊತೆಗೆ ಸಕ್ಕರೆ, ಕಿಡ್ನಿ, ಲಿವರ್. ಕೆಂಪು ಬಣ್ಣದ ಕಿಮೋ ಕೊಟ್ಟಿದ್ದರೆ, ಅಥವಾ ಟ್ರಾಸ್ಟುಝುಮ್ಯಾಬ್ ಎಂಬ ಇಂಜೆಕ್ಷನ್ ಕೊಟ್ಟಿದ್ದರೆ, ಅವು ಹೃದಯಕ್ಕೂ ತೊಂದರೆ ಕೊಡಬಹುದಾದ್ದರಿಂದ, ಹೃದಯದ ಎಕೋ ಸ್ಕ್ಯಾನ್ ಯಾವಾಗ ಆಗಿತ್ತು ಎಂದು ಫೈಲು ತೆಗೆದು ನೋಡಿ. ಮೆಟ್ಟಿಲು ಹತ್ತಿದರೆ ಮೇಲುಸಿರು, ಮಲಗಿದರೆ ಉಸಿರು ಕಟ್ಟುವುದು, ಎರಡೂ ಕಾಲಿಗೆ ಬಾವು, ಎದೆ ಡವಡವ ಎನ್ನುವುದು, ಇವನ್ನು ದಣಿವು ಎಂದು ಬಿಡುವಂತಿಲ್ಲ. ಒಂದೇ ಕಾಲಿನ ಮೀನಖಂಡ ಬಾತು ನೋಯುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಟಾಮೋಕ್ಸಿಫೆನ್ ತಗೊಳ್ಳುವವರಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸ್ವಲ್ಪ ಜಾಸ್ತಿ.

ರೋಗ ಮರಳಿದೆಯೇ ಎಂಬ ಹೆದರಿಕೆ ಸಹಜ. ದಣಿವು ಒಂದನ್ನೇ ನೋಡಿ ಹಾಗೆ ಅಂದುಕೊಳ್ಳಬೇಡಿ. ಒಂದೇ ಜಾಗದಲ್ಲಿ ಬಿಡದೆ ಕಾಡುವ ಎಲುಬಿನ ನೋವು, ಹೊಸ ಗಂಟು, ನಿಲ್ಲದ ಒಣ ಕೆಮ್ಮು, ಕಾರಣವಿಲ್ಲದೆ ಇಳಿಯುವ ತೂಕ, ಕಣ್ಣು ಹಳದಿಯಾಗುವುದು, ದಿನದಿನಕ್ಕೆ ಏರುವ ತಲೆನೋವು, ಇಂಥವು ಇದ್ದರೆ ಚೆಕಪ್ ತಾರೀಖಿಗೆ ಕಾಯಬೇಡಿ. ನೀವು ಬರೆದದ್ದರಲ್ಲಿ ಇವು ಯಾವುವೂ ಇಲ್ಲ.

ಸಲೈನ್ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ, ಎಲ್ಲ ಕಡೆ ಇದೊಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಅರ್ಧ ಲೀಟರಿನ ಗ್ಲೂಕೋಸ್ ಬಾಟಲಿಯಲ್ಲಿ ಸಾಮಾನ್ಯವಾಗಿ ಇರುವುದು 25 ಗ್ರಾಂ ಸಕ್ಕರೆ, ಅಂದರೆ ಸುಮಾರು ಆರು ಚಮಚ. ಅದರಿಂದ ಸಿಗುವ ಶಕ್ತಿ ಒಂದು ಜೋಳದ ರೊಟ್ಟಿಗಿಂತಲೂ ಕಡಿಮೆ. ಬರೀ ಸಲೈನ್ ಆದರೆ ಅದು ಉಪ್ಪುನೀರು. ನೀರು ಕಡಿಮೆ ಕುಡಿದವರಿಗೆ ಅದು ಹೋದಾಗ ಹಗುರ ಅನಿಸುವುದು ನಿಜ, ಆದರೆ ಎರಡು ಲೋಟ ಮಜ್ಜಿಗೆಯೂ ಆ ಕೆಲಸ ಮಾಡುತ್ತದೆ. ಕೆಲವು ಕಡೆ ಬಾಟಲಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಸೇರಿಸುತ್ತಾರೆ. ಆ ಎರಡು ದಿನದ ಹುರುಪು ಅದರದ್ದೂ ಇರಬಹುದು. ಪದೇಪದೇ ತಗೊಂಡರೆ ಸಕ್ಕರೆ ಏರುತ್ತದೆ, ಸ್ನಾಯು ಇನ್ನಷ್ಟು ಸೊರಗುತ್ತದೆ. ಇನ್ನೊಂದು ಮಾತು, ಇದನ್ನು ಮನೆಯವರಿಗೂ ತಿಳಿಸಿ. ನಿಮ್ಮ ಎಡ ಕಂಕುಳ ಗಂಟು ತೆಗೆದಿದ್ದಾರೆ. ಎಡಗೈಗೆ ಸೂಜಿ, ಸಲೈನ್, ಬಿಪಿ ಪಟ್ಟಿ ಬೇಡ. 'ಬಲಗೈಗೆ ಹಾಕ್ರಿ' ಎಂದು ಮೊದಲೇ ಹೇಳಿ.

ಹಾಗಾದರೆ ಈ ದಣಿವಿಗೆ ಔಷಧ ಏನು? ಕೊರತೆ ಇದ್ದರೆ ಅದನ್ನು ತುಂಬುವುದು. ಅದಾದ ಮೇಲೆ ಉಳಿಯುವ ದಣಿವಿಗೆ ನಮಗೆ ಗೊತ್ತಿರುವ ಎಲ್ಲಕ್ಕಿಂತ ಒಳ್ಳೆಯ ಉಪಾಯ ನಡಿಗೆ. ಹೌದು, ದಣಿದವರಿಗೆ ನಡೆಯಿರಿ ಎನ್ನುತ್ತಿದ್ದೇನೆ. ನಾನು ಕೆಲಸ ಶುರು ಮಾಡಿದ ಕಾಲದಲ್ಲಿ ರೋಗಿಗಳಿಗೆ 'ಚೆನ್ನಾಗಿ ರೆಸ್ಟ್ ತಗೊಳ್ಳಿ' ಎಂದೇ ಹೇಳುತ್ತಿದ್ದೆ. ಅವರು ಮಲಗಿದರು, ಇನ್ನಷ್ಟು ಸೋತರು. ಅದು ನೆನಪಾದರೆ ಈಗಲೂ ಬೇಸರವಾಗುತ್ತದೆ. ಮಲಗಿದಷ್ಟೂ ಸ್ನಾಯು ಕರಗುತ್ತದೆ. ಕರಗಿದಷ್ಟೂ ಸಣ್ಣ ಕೆಲಸವೂ ದೊಡ್ಡದಾಗುತ್ತದೆ. 2017ರಲ್ಲಿ 113 ಅಧ್ಯಯನಗಳನ್ನು, 11,000ಕ್ಕೂ ಹೆಚ್ಚು ರೋಗಿಗಳ ವಿವರಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕ್ಯಾನ್ಸರ್ ದಣಿವಿಗೆ ವ್ಯಾಯಾಮ ಮತ್ತು ಮಾನಸಿಕ ಸಲಹೆ ಎರಡೂ, ಮಾತ್ರೆಗಳಿಗಿಂತ ಹೆಚ್ಚು ಕೆಲಸ ಮಾಡಿದವು. ಚಿಕಿತ್ಸೆ ನಡೆದಿರುವಾಗಲೂ, ಮುಗಿದ ಮೇಲೂ.

ನಡಿಗೆ ಎಂದರೆ ಮೊದಲ ದಿನವೇ ಊರು ಸುತ್ತುವುದಲ್ಲ. ನಿಮ್ಮ ಹಿಮೋಗ್ಲೋಬಿನ್ ನೋಡಿದರೆ ಮೊದಲ ವಾರ ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ ಸಾಕು. ಮನೆಯಿಂದ ಹನುಮಪ್ಪನ ಗುಡಿವರೆಗೆ ಹೋಗಿ, ಕಟ್ಟೆಯ ಮೇಲೆ ಕೂತು, ವಾಪಸ್ ಬನ್ನಿ. ಮುಂದಿನ ವಾರ ಎರಡು ನಿಮಿಷ ಸೇರಿಸಿ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಒಂದೆರಡು ತಿಂಗಳಲ್ಲಿ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಮೂರರಿಂದ ಐದು ದಿನ ಎನ್ನುವ ಮಟ್ಟಕ್ಕೆ ಬಂದರೆ ಬಹಳ ಒಳ್ಳೆಯದು. ವಾರಕ್ಕೆ ಎರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ಎಂಟು ಹತ್ತು ಸಲ ಮಾಡಿ. ತೊಡೆಗೆ ಕಸುವು ಬರುತ್ತದೆ. ಕೈಗೆ ಯಾವ ವ್ಯಾಯಾಮ, ಎಷ್ಟು ಭಾರ ಎಂದು ಫಿಸಿಯೋಥೆರಪಿಯವರನ್ನು ಕೇಳಿ ಮಾಡಿ. ನಮ್ಮ ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರೊಳಗೆ ನಡಿಗೆ ಮುಗಿಸಿ. ಅಂಗಾಲು ಜುಮ್ಮೆನ್ನುವವರು ಬರಿಗಾಲಲ್ಲಿ ನಡೆಯಬಾರದು. ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಜ್ವರ, ತಲೆಸುತ್ತು, ಎದೆನೋವು ಇದ್ದ ದಿನ ನಡಿಗೆ ಬೇಡ.

ಇನ್ನು ಕೌದಿ. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಪರಿಚಿತ ಅನಿಸಿದ್ದು ಇದೇ. ಒಂದು ದಿನ ಮೈ ಹಗುರ ಇರುತ್ತದೆ. ಉಳಿದ ಕೆಲಸವೆಲ್ಲ ಅವತ್ತೇ ಮುಗಿಸಬೇಕು ಅನಿಸುತ್ತದೆ. ಮನೆಯ ಎಲ್ಲ ಹಾಸಿಗೆ ತೆಗೆದು ಹಾಕುತ್ತೀರಿ, ಆಮೇಲೆ ನಾಲ್ಕು ದಿನ ಹೋಗುತ್ತದೆ. ಒದ್ದೆ ಕೌದಿಯ ಭಾರ ನಿಮಗೇ ಗೊತ್ತು. ಗಂಟು ತೆಗೆದ ಕೈಗೆ ಅಷ್ಟು ಭಾರ ಒಮ್ಮೆಲೇ ಬೀಳಬಾರದು, ಕೈ ಬಾತುಕೊಳ್ಳುವ ಅಪಾಯ ಇದೆ.

ನಿಮ್ಮ ಮನೆಯವರು ಪಂಪ್‌ಸೆಟ್ ನಡೆಸುವ ರೀತಿ ನೆನಪಿಸಿಕೊಳ್ಳಿ. ಮೂರು ಫೇಸ್ ಕರೆಂಟ್ ಇಡೀ ದಿನ ಇರುವುದಿಲ್ಲ. ಇದ್ದಷ್ಟು ಹೊತ್ತಿನಲ್ಲಿ ಯಾವ ಮಡಿಗೆ ಮೊದಲು ನೀರು, ಯಾವುದು ನಾಳೆ ಎಂದು ಲೆಕ್ಕ ಹಾಕುತ್ತಾರೆ. ಕಬ್ಬಿಗೆಲ್ಲ ಒಂದೇ ದಿನ ನೀರು ಹಾಯಿಸುತ್ತೇನೆ ಎಂದು ಯಾರೂ ಹೊರಡುವುದಿಲ್ಲ. ನಿಮ್ಮ ತ್ರಾಣಕ್ಕೂ ಸದ್ಯ ಅದೇ ಲೆಕ್ಕ. ಒಂದು ವಾರ ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ದಣಿವಿಗೆ 0ರಿಂದ 10ರವರೆಗೆ ಒಂದು ಅಂಕ ಕೊಡಿ. ಆ ಹೊತ್ತಿನಲ್ಲಿ ಏನು ಮಾಡಿದಿರಿ ಎಂದು ಒಂದು ಸಾಲು ಬರೆಯಿರಿ. ನಿಮ್ಮ ಹಗುರ ಹೊತ್ತು ಯಾವುದು ಎಂದು ವಾರದಲ್ಲೇ ತಿಳಿಯುತ್ತದೆ. ಬೇಕಾದ ಕೆಲಸ ಆ ಹೊತ್ತಿಗೆ ಇಡಿ. ಅಂಕ 4 ದಾಟಿ ದಿನವೂ ನಿಂತರೆ, ಅದನ್ನು ಡಾಕ್ಟರಿಗೆ ತೋರಿಸಬೇಕು. 7ರ ಮೇಲಿದ್ದರೆ ತಡಮಾಡದೆ ಹೋಗಿ. ನೋಟ್‌ಬುಕ್ಕನ್ನು ಫೈಲಿನ ಜೊತೆಗೇ ಕೊಂಡೊಯ್ಯಿರಿ. 'ಸುಸ್ತು ಅದ ರೀ' ಎನ್ನುವುದಕ್ಕಿಂತ ಅಂಕ ತೋರಿಸಿದರೆ ನಾವು ಡಾಕ್ಟರುಗಳು ಬೇಗ ಕಿವಿಗೊಡುತ್ತೇವೆ.

ರೊಟ್ಟಿಯ ವಿಷಯದಲ್ಲಿ ಮನೆಯಲ್ಲಿ ಕೂತು ಮಾತಾಡಲೇಬೇಕು. ಆರೇಳು ಜನರ ಮನೆ ಎಂದರೆ ಹೊತ್ತಿಗೆ ಇಪ್ಪತ್ತು ಇಪ್ಪತ್ತೈದು ರೊಟ್ಟಿ. ಬಡಿಯುವುದು ಭುಜದ ಕೆಲಸ, ಅದೂ ಬೆಂಕಿಯ ಮುಂದೆ. ಸೆಖೆಯಲ್ಲಿ ದಣಿವು ಇಮ್ಮಡಿ. ಎಡಗೈಗೆ ಹಂಚು ತಾಗಿ ಸುಟ್ಟರೆ ಸೋಂಕು ಬೇಗ ಹಿಡಿಯುತ್ತದೆ. ಕೆಂಪಗಾಗಿ ಬಾತರೆ ಅವತ್ತೇ ತೋರಿಸಬೇಕು. ಹತ್ತಕ್ಕೆ ಸುಸ್ತಾಗುತ್ತದೆ ಎಂದಿದ್ದೀರಿ. ಹಾಗಾದರೆ ಆರಕ್ಕೆ ನಿಲ್ಲಿಸಿ. ಸುಸ್ತಾಗುವ ಮೊದಲೇ ನಿಲ್ಲಿಸುವುದು ಮುಖ್ಯ. ಉಳಿದದ್ದು ಬೇರೆಯವರು ಬಡಿಯಲಿ. ಕಟಕ ರೊಟ್ಟಿ ನಮ್ಮ ಕಡೆಯ ದೊಡ್ಡ ಅನುಕೂಲ, ವಾರಗಟ್ಟಲೆ ಕೆಡುವುದಿಲ್ಲ. ಮಹಿಳಾ ಸಂಘದವರು ಮಾಡಿ ಮಾರುತ್ತಾರೆ. ಒಂದಷ್ಟು ತಂದಿಡಿ. ಅದರಿಂದ ಮನೆಯ ಮರ್ಯಾದೆ ಹೋಗುವುದಿಲ್ಲ. ಕೂತು ಹೆಚ್ಚಿ, ಕೂತು ಸ್ನಾನ ಮಾಡಿ. ಕೊಡ ಹೊರುವುದನ್ನು ಬಿಟ್ಟುಬಿಡಿ.

ಊಟದಲ್ಲಿ ಪ್ರೋಟೀನ್ ಕಡೆ ಗಮನ ಕೊಡಿ. 55 ಕಿಲೋ ತೂಕ ಇದ್ದವರಿಗೆ ದಿನಕ್ಕೆ ಸುಮಾರು 60 ಗ್ರಾಂ ಬೇಕು. ಒಂದು ಮುಷ್ಟಿ ಶೇಂಗಾದಲ್ಲಿ ಏಳೆಂಟು ಗ್ರಾಂ ಇದೆ, ಒಂದು ಮೊಟ್ಟೆಯಲ್ಲಿ ಆರು. ಮಡಕಿ ಕಾಳು, ಹೆಸರು ಕಾಳು, ಝುಣಕ, ಮೊಸರು, ಗಟ್ಟಿ ಬೇಳೆ, ಇವು ನಿಮ್ಮ ತಾಟಿನಲ್ಲಿ ಆಗಲೇ ಇವೆ. ಪ್ರಮಾಣ ಮಾತ್ರ ಸಾಲುವುದಿಲ್ಲ, ಏಕೆಂದರೆ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ನೀವು ಉಣ್ಣುತ್ತೀರಿ, ಅಲ್ವಾ? ಆರು ತಿಂಗಳು ಅದನ್ನು ಬದಲಿಸಿ. ಊಟದ ಬೆನ್ನಿಗೇ ಚಹಾ ಬೇಡ, ಕಬ್ಬಿಣದ ಅಂಶ ಮೈಗೆ ಹತ್ತುವುದಿಲ್ಲ. ಒಂದು ತಾಸು ಬಿಡಿ. ಪಲ್ಯಕ್ಕೆ ನಿಂಬೆ ಹಿಂಡಿ. ಹಾಲು, ಬೆಲ್ಲ, ಬದನೆ ಬೇಡ ಎಂದು ಯಾರೋ ಹೇಳಿದರೆಂದು ಪಥ್ಯ ಮಾಡಬೇಡಿ. ಅಶ್ವಗಂಧ, ಕಷಾಯ, ಶಕ್ತಿ ಪುಡಿ, ಯಾವುದನ್ನೂ ಕೇಳದೆ ತಗೊಳ್ಳಬೇಡಿ. ಕೆಲವು ಲಿವರಿಗೆ ತೊಂದರೆ ಕೊಡುತ್ತವೆ.

ಹಗಲು ಮಲಗಿದರೆ ಅರ್ಧ ಗಂಟೆ ಮಾತ್ರ, ಮೂರರ ಒಳಗೆ. ರಾತ್ರಿ ಬೆವರು ಹೆಚ್ಚಿದ್ದರೆ ಟಾಮೋಕ್ಸಿಫೆನ್ ನೀವಾಗಿ ನಿಲ್ಲಿಸಬೇಡಿ. ಸಾಮಾನ್ಯವಾಗಿ ಐದರಿಂದ ಹತ್ತು ವರ್ಷ ತಗೊಳ್ಳುವ ಗುಳಿಗೆ ಅದು, ರೋಗ ಮರಳದಂತೆ ಕಾಯುತ್ತಿದೆ. ಬೆವರಿಗೆ, ನಿದ್ದೆಗೆ ಬೇರೆ ಉಪಾಯ ಇವೆ. ಬೇರೆ ಡಾಕ್ಟರು ಮನಸ್ಸಿನ ಔಷಧ ಬರೆದರೆ ಟಾಮೋಕ್ಸಿಫೆನ್ ಹೆಸರು ಹೇಳಿ, ಏಕೆಂದರೆ ಕೆಲವು ಔಷಧ ಅದರ ಕೆಲಸ ತಗ್ಗಿಸುತ್ತವೆ.

ಮನಸ್ಸಿನ ಮಾತು ಬಂದಿದ್ದರಿಂದ ಒಂದು ಕೇಳುತ್ತೇನೆ. ಎರಡು ವಾರದಿಂದ ಯಾವುದರಲ್ಲೂ ಆಸೆ ಇಲ್ಲವೇ? ಮೊಮ್ಮಕ್ಕಳು, ಮಕ್ಕಳು ಬಂದರೂ ಬೇಡ ಅನಿಸುತ್ತದೆಯೇ? ಸುಮ್ನೆ ಅಳು ಬರುತ್ತದೆಯೇ? ಹಾಗಿದ್ದರೆ ದಣಿವಿನ ಒಳಗೆ ಖಿನ್ನತೆ ಸೇರಿಕೊಂಡಿರಬಹುದು. ಅದಕ್ಕೆ ಚಿಕಿತ್ಸೆ ಇದೆ, ನಾಚಿಕೆ ಬೇಡ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೂ ಹೋಗಬಹುದು.

ಅತ್ತೆಯವರ ಮೇಲೆ ಸಿಟ್ಟು ಬೇಡ. ಅವರು ನೋಡಿದ ದಣಿವೆಲ್ಲ ಮಲಗಿದರೆ ಹೋಗುವಂಥದ್ದು. ಮುಂದಿನ ಚೆಕಪ್‌ಗೆ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದ ಕೇಳಲಿ. ಬಸ್ಸಿನಲ್ಲಿ ಇಬ್ಬರಿಗೂ ಟಿಕೆಟ್ ಇಲ್ಲವಲ್ಲ.

ಇನ್ನು ಪಕ್ಕದ ಮನೆಯ ತಂಗಿ. ಅವಳ ದಣಿವಿಗೆ ಒಂದು ಲಯ ಇರುತ್ತದೆ, ಅದನ್ನು ಹೇಳಿಕೊಡಿ. ಕಿಮೋ ದಿನ ಕೊಡುವ ಸ್ಟೆರಾಯ್ಡಿನಿಂದ ಮೊದಲ ದಿನ ಹುರುಪು ಇರುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ. ಮೂರನೇ ದಿನದ ಹೊತ್ತಿಗೆ ಒಮ್ಮೆಲೇ ಕುಸಿಯುತ್ತಾಳೆ. ಮೂರು ವಾರಕ್ಕೊಮ್ಮೆ ಕಿಮೋ ಇದ್ದರೆ ಮೂರನೇ ವಾರ ಚೆನ್ನಾಗಿರುತ್ತಾಳೆ. ಸಂತೆ, ಮಗುವಿನ ಶಾಲೆ, ಬ್ಯಾಂಕು ಎಲ್ಲ ಆ ವಾರಕ್ಕೆ ಇಟ್ಟುಕೊಳ್ಳಲಿ. ಕಿಮೋ ಸಂಖ್ಯೆ ಏರಿದಂತೆ ಸುಸ್ತೂ ಏರುತ್ತದೆ, ಹೆದರಬಾರದು. ಮುಂದೆ ರೇಡಿಯೇಷನ್ ಬಂದರೆ ಲಯ ಬದಲಾಗುತ್ತದೆ. ಮೊದಲ ವಾರ ಏನೂ ಅನಿಸುವುದಿಲ್ಲ. ಆಮೇಲೆ ದಿನದಿನಕ್ಕೆ ಕೂಡುತ್ತ ಹೋಗಿ ಕೊನೆಯ ವಾರ, ಅದರ ಮುಂದಿನ ವಾರ ಹೆಚ್ಚಿರುತ್ತದೆ. ದಿನಾ ನಾಲ್ಕೈದು ತಾಸು ಬಸ್ಸಿನಲ್ಲಿ ಹೋಗಿ ಬರುವುದಕ್ಕಿಂತ ಆ ದಿನಗಳಲ್ಲಿ ಆಸ್ಪತ್ರೆ ಇರುವ ಊರಲ್ಲಿ ನೆಂಟರ ಮನೆಯಲ್ಲಿ ಉಳಿದರೆ ಅರ್ಧ ದಣಿವು ತಪ್ಪುತ್ತದೆ.

ನೀವು ಅವಳಿಗೆ ಮಾತಿಗಿಂತ ಹೆಚ್ಚು ಕೊಡಬಹುದು. ಓಣಿಯವರು ಸರದಿ ಹಾಕಿಕೊಂಡು ಪ್ರತಿ ಕಿಮೋ ಆದ ಎರಡನೇ ದಿನದಿಂದ ಐದನೇ ದಿನದವರೆಗೆ ಅವಳ ಮನೆಗೆ ಎರಡು ಹೊತ್ತು ಊಟ ಕಳಿಸಿ. ಬಿಸಿ ಇರಲಿ, ಹಸಿ ಪಚಡಿ ಬೇಡ. ಸಂಜೆ ಐದು ನಿಮಿಷ ನಿಮ್ಮ ಜೊತೆ ಗುಡಿವರೆಗೆ ಅವಳೂ ನಡೆಯಲಿ, ಇಬ್ಬರಿಗೂ ಅಷ್ಟೇ ಬೇಕಾಗಿರುವುದು. ಮತ್ತೆ ಇವತ್ತೇ ಅವಳ ಮನೆಯಲ್ಲಿ ಥರ್ಮಾಮೀಟರ್ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ತರಿಸಿ. ಕಿಮೋ ನಡೆದಿರುವಾಗ ಜ್ವರ 100.4 ಮುಟ್ಟಿದರೆ ಮನೆಯಲ್ಲಿ ಗುಳಿಗೆ ನುಂಗಿ ಬೆಳಗಾಗಲಿ ಎಂದು ಕಾಯಬಾರದು. ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೋಗಬೇಕು, ಹೋಗಿ 'ಕಿಮೋ ನಡೆದಿದೆ' ಎನ್ನುವುದನ್ನೇ ಮೊದಲು ಹೇಳಬೇಕು. ಆ ಹೊತ್ತಿಗೆ ಗಾಡಿ ಯಾರದು ಎಂದು ಈಗಲೇ ಮಾತಾಡಿ ಇಟ್ಟುಕೊಳ್ಳಿ.